ಮೇಟಿ ಪದ್ಯದ ಲೆಕ್ಕ: ಮೊದಲು ಎರಡನೇ ಅಕ್ಷರ ನೋಡಿ

ಮೊನ್ನೆ ರಾತ್ರಿ ಮಗಳು ಛಂದಸ್ಸಿನ ಹೋಮ್‌ವರ್ಕ್ ತಂದು ಮುಂದಿಟ್ಟಳು. ‘ಅಪ್ಪಾ, ಲೆಕ್ಕ ಕೂಡವಲ್ದು.’ ಸರ್ವಜ್ಞನ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ. ಅವಳು ಬರೆದುಕೊಂಡಿದ್ದು ಹೀಗೆ:

ಕೋಟಿ ವಿದ್ಯೆಗಳಲ್ಲಿ ಮೇಟಿ ವಿದ್ಯೆಯೆ ಮೇಲು
ಮೇಟಿಯಿಂ ರಾಟಿ ನಡೆದುದಲ್ಲದೆ
ದೇಶದಾಟವೇ ಕೆಡಗು ಸರ್ವಜ್ಞ

ಎಣಿಕೆ ಸರಿಯಾಗಿಯೇ ಇತ್ತು. ಸಾಲು ಮುರಿದ ಜಾಗ ತಪ್ಪಿತ್ತು. ಅದಕ್ಕೇ ನಾನು ಹೇಳುವುದು, ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ) ಎಣಿಸುವ ಮೊದಲು ಪ್ರಾಸ ನೋಡಿ.

ಸಿನಿಮಾ ಹಾಡಿನ ಹಾಗೆ ಸಾಲಿನ ಕೊನೆಯಲ್ಲಿ ಹುಡುಕಬೇಡಿ. ಇಲ್ಲಿರುವುದು ಆದಿಪ್ರಾಸ, ಪ್ರತಿ ಸಾಲಿನ ಎರಡನೇ ಅಕ್ಷರ. ಕೋಟಿ, ಮೇಟಿ, ಎರಡರಲ್ಲೂ ‘ಟ’. ಮೂರನೆಯದು ‘ದೇಶ’. ಇಲ್ಲಿ ‘ಟ’ ಎಲ್ಲಿ? ಒಂದು ಪದ ಮುಂದೆ ಹೋಗಿ, ‘ದಾಟ’ದಲ್ಲಿದೆ. ಅಂದರೆ ‘ದೇಶದಾಟ’ವನ್ನು ನಡುವೆ ಮುರಿಯಬೇಕು. ‘ದೇಶ’ ಎರಡನೇ ಸಾಲಿನ ಕೊನೆಗೆ, ‘ದಾಟವೇ’ ಮೂರನೆಯದರ ತಲೆಗೆ. ಕೋ, ಮೇ, ದಾ ಮೂರೂ ದೀರ್ಘ, ಹಾಗಾಗಿ ಇದು ಗಜಪ್ರಾಸ.

ಈಗ ಮಾತ್ರೆ. ಗುರುವಿಗೊಂದು ಶೇಂಗಾ, ಲಘುವಿಗೊಂದು ಜೋಳದ ಕಾಳು ಇಟ್ಟೆವು. ಶೇಂಗಾಕ್ಕೆ 2, ಜೋಳಕ್ಕೆ 1. ದೀರ್ಘ ಸ್ವರ ಗುರು, ಒತ್ತಕ್ಷರದ ಹಿಂದಿನದೂ ಗುರು, ಸೊನ್ನೆ ಇದ್ದದ್ದೂ ಗುರು. ‘ವಿದ್ಯೆ’ಯ ‘ವಿ’ಗೆ ಜೋಳ ಇಟ್ಟು ಮಗಳು ಒಮ್ಮೆ ಎಡವಿದಳು. ಎಲ್ಲರೂ ಅಲ್ಲೇ ಎಡವುವುದು.

ಕೋಟಿ ವಿ | ದ್ಯೆಗಳಲ್ಲಿ | ಮೇಟಿ ವಿ | ದ್ಯೆಯೆ ಮೇಲು
ಮೇಟಿಯಿಂ | ರಾಟಿ | ನಡೆದುದ | ಲ್ಲದೆ ದೇಶ
ದಾಟವೇ | ಕೆಡಗು | ಸರ್ವಜ್ಞ

ಗೆರೆಗಳ ನಡುವಿನ ಒಂದೊಂದು ತುಂಡೂ ಒಂದು ಗಣ, ಒಟ್ಟು 11. ತ್ರಿಪದಿಯಲ್ಲಿ 6ನೆಯದು ಮತ್ತು 10ನೆಯದು ಬ್ರಹ್ಮಗಣ, ಅಂದರೆ ಚಿಕ್ಕ ಗಣ, ಉಳಿದ 9 ಅದಕ್ಕಿಂತ ದೊಡ್ಡ ವಿಷ್ಣುಗಣ. ಇದು ಅಂಶಗಣದ ಛಂದಸ್ಸು, ಮಾತ್ರೆ ಸ್ವಲ್ಪ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಇಲ್ಲಿ ವಿಷ್ಣು ಎಲ್ಲವೂ 5, ‘ರಾಟಿ’, ‘ಕೆಡಗು’ ಎರಡೂ 3. ಕೆಲವು ಪ್ರತಿಗಳಲ್ಲಿ ‘ವಿದ್ಯೆಯೇ’ ಎಂದಿರುತ್ತದೆ. ಆಗ ಒಂದು ಮಾತ್ರೆ ಜಾಸ್ತಿ, ಗಾಬರಿ ಬೇಡ.

ಪುನರಾವರ್ತನೆ ಹುಡುಕುವಾಗ ಸುಮ್ನೆ ‘ಮೇಟಿ ಎರಡು ಸಲ ಬಂದಿದೆ’ ಎಂದು ಬರೆದು ಮುಗಿಸಬೇಡಿ. ಎಲ್ಲಿ ಬಂದಿದೆ ನೋಡಿ. ಮೊದಲ ಸಾಲಿನಲ್ಲಿ ‘ವಿದ್ಯೆ’ ಎರಡು ಸಲವೂ ಒಂದೇ ಕಡೆ ಮುರಿಯುತ್ತದೆ, ‘ವಿ’ ಈ ಗಣದಲ್ಲಿ, ‘ದ್ಯೆ’ ಮುಂದಿನದರಲ್ಲಿ. ಸಾಲಿನ ನಡುವಿದ್ದ ‘ಮೇಟಿ’ ಮುಂದಿನ ಸಾಲಿನ ತಲೆಗೆ ಬರುತ್ತದೆ, ಅದಕ್ಕೆ ತಾಗಿಯೇ ‘ರಾಟಿ’. ಗಟ್ಟಿಯಾಗಿ ಓದಿದರೆ ಐದು ಸಲ ‘ಟ’ ಕೇಳುತ್ತದೆ.

ಮೇಟಿ ಎಂದರೆ ಕಣದ ನಡುವೆ ನೆಡುವ ಕಂಬ. ಅದರ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸುತ್ತಿದ್ದರು. ಮೇಟಿ ವಿದ್ಯೆ ಅಂದರೆ ಒಕ್ಕಲುತನ. ನಮ್ಮಲ್ಲಿ ಈಗ ಮಷೀನು, ಮಗಳು ಮೇಟಿ ನೋಡಿಲ್ಲ. ಮೇಜಿನ ಮೇಲೆ ಪೆನ್ನು ನಿಲ್ಲಿಸಿ ಸುತ್ತ ಬೆರಳು ತಿರುಗಿಸಿ ತೋರಿಸಿದೆ. ಅಷ್ಟರಲ್ಲಿ ಮೂರನೇ ಸಾಲಿನ ಗುರುಗಳನ್ನೆಲ್ಲ ಅವಳು ತಿಂದು ಮುಗಿಸಿದ್ದಳು.