ಮಾನವ ಹಕ್ಕುಗಳ ಕೆಲ್ಸಕ್ಕೆ ಬರ್ಬೇಕು ಅನ್ನೋರಿಗೆ

ಬೇರೆ ಫೀಲ್ಡಲ್ಲಿದ್ದು ಈ ಕಡೆ ಬರ್ಬೇಕು ಅನ್ನೋರು ಜಾಸ್ತಿ ಜನ ಮಾಡೋದೇನು ಅಂದ್ರೆ ಸಿಕ್ಕಸಿಕ್ಕೋರಿಗೆಲ್ಲ ರೆಸ್ಯೂಮೆ ಕಳ್ಸಿ "ಏನಾದ್ರೂ ಓಪನಿಂಗ್ ಇದ್ಯಾ ಮೇಡಂ" ಅಂತ ಕೇಳೋದು. ನಾನೂ ಅದನ್ನೇ ಮಾಡಿದ್ದೆ, ಒಬ್ರೂ ರಿಪ್ಲೈ ಮಾಡ್ಲಿಲ್ಲ.

ಬದ್ಲಿಗೆ ಹೀಗ್ಮಾಡಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2008ರಿಂದ ಯುಪಿಆರ್ (ಯೂನಿವರ್ಸಲ್ ಪೀರಿಯಾಡಿಕ್ ರಿವ್ಯೂ) ಅಂತ, ಒಂದೊಂದು ದೇಶದಲ್ಲೂ ಮಾನವ ಹಕ್ಕುಗಳ ಪರಿಸ್ಥಿತಿ ಹೇಗಿದೆ ಅಂತ ನೋಡೋ ರಿವ್ಯೂ ನಡ್ಸುತ್ತೆ, ಪ್ರತಿ ಸದಸ್ಯ ದೇಶದ ಸರದಿ ನಾಲ್ಕೈದು ವರ್ಷಕ್ಕೊಮ್ಮೆ ಬರುತ್ತೆ, ಅದಕ್ಕೆ ಎನ್‌ಜಿಒಗಳೂ ರಿಪೋರ್ಟ್ ಕೊಡ್ತವೆ, ಆ ರಿಪೋರ್ಟ್‌ಗಳು ಆನ್‌ಲೈನಲ್ಲಿ ಫ್ರೀಯಾಗೇ ಸಿಗ್ತವೆ. ನಿಮ್ಮ ದೇಶದ್ದು ತೆಗ್ದು ಓದಿ, ಜೈಲು ಕೈದಿಗಳ ಬಗ್ಗೆ ಯಾರು ಬರ್ದಿದಾರೆ, ವಲಸೆ ಕಾರ್ಮಿಕರ ಬಗ್ಗೆ ಯಾರು, ಎಲ್ಲಾ ಹೆಸರು ಸಮೇತ ಗೊತ್ತಾಗುತ್ತೆ. ದುಡ್ಡು ಕೊಟ್ರೂ ಇಂಥ ಕಾಂಟ್ಯಾಕ್ಟ್ ಲಿಸ್ಟ್ ಸಿಗಲ್ಲ.

ಆಮೇಲೆ ಒಬ್ರಿಗೆ ಮೆಸೇಜ್ ಹಾಕಿ, "ವಿಚಾರಣಾಧೀನ ಕೈದಿಗಳ ಬಗ್ಗೆ ನೀವು ಬರ್ದಿದ್ದು ಓದ್ದೆ, ಆ ಮಾಹಿತಿ ಹೇಗೆ ಕಲೆಹಾಕಿದ್ರಿ, ಹದಿನೈದು ನಿಮಿಷ ಮಾತಾಡ್ಬಹುದಾ". ಅಷ್ಟೇ. ಆ ಫೋನ್ ಕಾಲ್‌ನಲ್ಲಿ ಕೆಲ್ಸ ಕೇಳ್ಬೇಡಿ, ಕೊನೇಲಿ "ಇನ್ಯಾರ ಹತ್ರ ಮಾತಾಡಿದ್ರೆ ಒಳ್ಳೇದು" ಅಂತ ಮಾತ್ರ ಕೇಳಿ. ಸಂತ್ರಸ್ತರ ಹೆಸರು, ಕೇಸಿನ ಒಳವಿಷ್ಯ ಕೆದಕೋಕೆ ಹೋಗ್ಲೇಬೇಡಿ, ಅಲ್ಲಿಗೆ ನಂಬಿಕೆ ಹೋಯ್ತು.

ಲಾ ಓದಿಲ್ಲ ಅಂತ ಹೆದರ್ಬೇಡಿ. ಗ್ರಾಂಟ್ ಲೆಕ್ಕ ಇಡೋರು, ಡೇಟಾ ನೋಡೋರು, ಅನುವಾದ ಮಾಡೋರು ಇಲ್ಲೂ ಬೇಕು. ನಾನು ಅಕೌಂಟ್ಸ್‌ನೋನು, ಒಂದು ಸಣ್ಣ ಸಂಸ್ಥೆಗೆ ಭಾನುವಾರ ಕೂತು ವೋಚರ್ ಜೋಡಿಸ್ಕೊಟ್ಟೇ ಒಳಗೆ ಬಂದಿದ್ದು. ಸಂಬಳ ಕಮ್ಮಿ ಆಗ್ಬಹುದು, ಅದಕ್ಕೆ ಈಗಿರೋ ಕೆಲ್ಸ ತಕ್ಷಣ ಬಿಡ್ಬೇಡಿ.