ಮನೆಯೊಳಗಿನ ಹೊಡೆತವನ್ನು ಕಂಡ ಮಗು: ಅದರ ಸ್ಥಿತಿಯನ್ನು ನ್ಯಾಯಾಲಯದ ಮುಂದಿಡುವುದು ಹೇಗೆ?

ಅಪ್ಪ ಅಮ್ಮನನ್ನು ಹೊಡೆಯುವುದನ್ನು ಬಾಗಿಲ ಸಂದಿಯಲ್ಲಿ ನಿಂತು ನೋಡಿದ ಮಗುವಿನ ಮೈಮೇಲೆ ಗಾಯವಿರುವುದಿಲ್ಲ. ಹಾಗಾಗಿ ನ್ಯಾಯಾಲಯಕ್ಕೆ ಹೋಗುವ ಕಾಗದಪತ್ರಗಳಲ್ಲಿ ಆ ಮಗುವಿನ ವಿಷಯ ಹೆಸರು, ವಯಸ್ಸು, ಓದುತ್ತಿರುವ ತರಗತಿ ಇಷ್ಟರಲ್ಲೇ ಮುಗಿದುಹೋಗುತ್ತದೆ. ಮಕ್ಕಳ ಸುಪರ್ದಿಯನ್ನು, ಅಂದರೆ ಮಗು ಯಾರ ಬಳಿ ಇರಬೇಕೆಂಬುದನ್ನು, ನಿರ್ಧರಿಸುವ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಾಗಲಿ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಾಗಲಿ ಕೌಟುಂಬಿಕ ಹಿಂಸೆಯನ್ನು ಹೆಸರಿಸಿ ಹೇಳುವುದಿಲ್ಲ. ಎರಡೂ ಮಗುವಿನ ಕ್ಷೇಮದ ಮಾತನ್ನಷ್ಟೇ ಆಡುತ್ತವೆ. ಆ ಕ್ಷೇಮಕ್ಕೆ ಎಲ್ಲಿ ಪೆಟ್ಟು ಬಿದ್ದಿದೆ ಎಂಬುದನ್ನು ತೋರಿಸುವ ಹೊಣೆ ಅರ್ಜಿ ಹಾಕುವವರ ಮೇಲಿದೆ.

ಮೊದಲು ಸುರಕ್ಷತೆ, ಆಮೇಲೆ ಸುಪರ್ದಿ

ಅಪಾಯ ಎದುರಿಗಿದ್ದರೆ 112ಕ್ಕೆ ಕರೆ ಮಾಡಬೇಕು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯಾಗಿ ಕರ್ನಾಟಕದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರು ಘಟನೆಯ ವರದಿಯನ್ನು ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳುಹಿಸುತ್ತಾರೆ. ಮಹಿಳೆ ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಬಹುದು.

ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ನಡೆಯಬೇಕು, ಅಲ್ಲಿಂದ 60 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗುವಂತೆ ನ್ಯಾಯಾಲಯ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ದಿನಾಂಕಗಳು ಮುಂದಕ್ಕೆ ಹೋಗುತ್ತಲೇ ಇರುತ್ತವೆ. ಆದ್ದರಿಂದ ಅಫಿಡವಿಟ್‌ನೊಂದಿಗೆ (ಪ್ರಮಾಣ ಮಾಡಿ ಬರೆದ ಹೇಳಿಕೆ) 23ನೇ ಕಲಮಿನಡಿ ಮಧ್ಯಂತರ ಆದೇಶವನ್ನು ಅರ್ಜಿಯ ದಿನವೇ ಕೇಳಿಬಿಡಬೇಕು. ಮಕ್ಕಳಿಗೆ ಸಂಬಂಧಿಸಿದಂತೆ ಈ ಕಾಯ್ದೆಯ 21ನೇ ಕಲಂ ಬಹಳ ಮುಖ್ಯ: ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ, ತಂದೆಯ ಭೇಟಿ ಮಗುವಿಗೆ ಹಾನಿಕರವಾಗಬಹುದೆಂದು ಕಂಡುಬಂದರೆ ಅದನ್ನು ಅವರು ನಿರಾಕರಿಸಲೇಬೇಕು. ವಿಚ್ಛೇದನ ಅಥವಾ ಸುಪರ್ದಿಯ ಪ್ರಕರಣ ಈಗಾಗಲೇ ಕೌಟುಂಬಿಕ ನ್ಯಾಯಾಲಯದಲ್ಲಿದ್ದರೆ, 26ನೇ ಕಲಮಿನ ಪ್ರಕಾರ ಇದೇ ಪರಿಹಾರಗಳನ್ನು ಅಲ್ಲಿಯೂ ಕೇಳಬಹುದು. ಒಂದು ಕಡೆ ಪಡೆದ ಆದೇಶವನ್ನು ಇನ್ನೊಂದು ನ್ಯಾಯಾಲಯಕ್ಕೆ ತಿಳಿಸುವುದನ್ನು ಮರೆಯಬಾರದು.

ಮಹಿಳೆಯರಿಗೆ ಮತ್ತು ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತವಾಗಿ ಸಿಗುತ್ತಾರೆ. ಇದಕ್ಕೆ ಆದಾಯದ ಮಿತಿಯಿಲ್ಲ; 15100ಕ್ಕೆ ಕರೆ ಮಾಡಿದರೆ ಮುಂದಿನ ದಾರಿ ತಿಳಿಯುತ್ತದೆ.

ಅರ್ಜಿಯಲ್ಲಿ ಮಗುವಿಗೊಂದು ಪ್ರತ್ಯೇಕ ಭಾಗ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ತಾಯಿಯ ಮೇಲಾದ ಹಿಂಸೆಯನ್ನು ವಿವರಿಸುವ ಪುಟಗಳ ನಡುವೆ "ಮಗುವಿನ ಎದುರಿಗೇ ಹೊಡೆದನು" ಎಂಬ ಒಂದು ವಾಕ್ಯ ಸೇರಿಸಿದರೆ ಸಾಲದು. ಯಾವ ದಿನ, ಯಾವ ಹೊತ್ತಿನಲ್ಲಿ, ಮಗು ಮನೆಯ ಯಾವ ಜಾಗದಲ್ಲಿತ್ತು, ಏನನ್ನು ಕಂಡಿತು ಅಥವಾ ಕೇಳಿಸಿಕೊಂಡಿತು, ಆ ರಾತ್ರಿ ಮತ್ತು ಮರುದಿನ ಹೇಗಿತ್ತು ಎಂಬುದನ್ನು ಬೇರೆಯಾಗಿಯೇ ಬರೆಯಬೇಕು. ನಿಂತುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮತ್ತೆ ಶುರುವಾದದ್ದು, ಯಾರಾದರೂ ದನಿ ಏರಿಸಿದರೆ ಬೆಚ್ಚುವುದು, ತಮ್ಮ ತಂಗಿಯರ ಮೇಲೆ ಕೈಮಾಡುವುದು, ಶಾಲೆಗೆ ಹೊರಡುವಾಗ ಅಮ್ಮನನ್ನು ಒಬ್ಬಳನ್ನೇ ಬಿಟ್ಟುಹೋಗಲು ಒಪ್ಪದಿರುವುದು ಇವೆಲ್ಲ ಸಣ್ಣ ಸಂಗತಿಗಳಲ್ಲ. ಕಂಡದ್ದನ್ನು ಕಂಡಂತೆ ಬರೆದರೆ ಸಾಕು. ಉತ್ಪ್ರೇಕ್ಷೆಯ ಒಂದು ಸಾಲು, ಎದುರು ಪಕ್ಷದ ವಕೀಲರು ಪ್ರಶ್ನಿಸುವ ಪಾಟೀಸವಾಲಿನಲ್ಲಿ, ಉಳಿದ ಹತ್ತು ಸತ್ಯಗಳನ್ನೂ ಸಂಶಯಕ್ಕೆ ಈಡುಮಾಡುತ್ತದೆ.

ಶಾಲೆಯ ಹಾಜರಾತಿ, ಅಂಕಪಟ್ಟಿಗಳು, ಶಿಕ್ಷಕರು ಡೈರಿಯಲ್ಲಿ ಬರೆದ ಟಿಪ್ಪಣಿ, ವೈದ್ಯರ ಚೀಟಿ, ಆಪ್ತಸಮಾಲೋಚಕರ ವರದಿ ಇವುಗಳನ್ನು ಜೊತೆಗೆ ಲಗತ್ತಿಸಬೇಕು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಂ, ವಿವಾದವನ್ನು ಬಗೆಹರಿಸಲು ನೆರವಾಗುವುದೆಂದು ಕಂಡ ಯಾವುದೇ ವರದಿ ಅಥವಾ ದಾಖಲೆಯನ್ನು, ಸಾಕ್ಷ್ಯ ಕಾನೂನಿನ ಕಟ್ಟುಪಾಡು ಹೇಗೇ ಇದ್ದರೂ, ಸ್ವೀಕರಿಸುವ ಅವಕಾಶವನ್ನು ಈ ನ್ಯಾಯಾಲಯಕ್ಕೆ ಕೊಟ್ಟಿದೆ. ತರಗತಿಯ ಶಿಕ್ಷಕಿಯ ಎರಡು ಸಾಲಿನ ಟಿಪ್ಪಣಿಗೆ ಇಲ್ಲಿ ಬೆಲೆಯಿದೆ.

ಹಿಂಸೆಗೆ ಸಂಬಂಧಿಸಿದ ಎಫ್‌ಐಆರ್ ಇದ್ದರೆ ಅದನ್ನೂ ಸಲ್ಲಿಸಬೇಕು. ಹೆಂಡತಿಯ ಸಾವಿನ ಪ್ರಕರಣದಲ್ಲಿ ಆರೋಪಿಯಾಗಿದ್ದ ತಂದೆಗೆ ಮಗನನ್ನು ಒಪ್ಪಿಸಲು ಕೆಳಗಿನ ನ್ಯಾಯಾಲಯಗಳು ಆದೇಶಿಸಿದ್ದವು. ಬಾಕಿಯಿದ್ದ ಆ ಕ್ರಿಮಿನಲ್ ಪ್ರಕರಣವನ್ನೂ ಮಗುವಿನ ಇಚ್ಛೆಯನ್ನೂ ಅವು ಸರಿಯಾಗಿ ಪರಿಗಣಿಸಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಆ ಆದೇಶವನ್ನು ರದ್ದುಗೊಳಿಸಿ, ಮಗುವನ್ನು ತಾಯಿಯ ತಂದೆತಾಯಿಯರ ಬಳಿಯೇ ಉಳಿಸಿತು.

ನ್ಯಾಯಾಧೀಶರು ಮಗುವನ್ನು ಮಾತನಾಡಿಸುವಾಗ

ತಿಳಿದು ಆಯ್ಕೆ ಮಾಡುವಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಇಂಥದ್ದೇ ವಯಸ್ಸೆಂದು ನಿಗದಿಪಡಿಸಿಲ್ಲ. ಸಾಮಾನ್ಯವಾಗಿ ನ್ಯಾಯಾಧೀಶರು ಚೇಂಬರಿನಲ್ಲಿ ಮಗುವನ್ನು ಮಾತನಾಡಿಸುತ್ತಾರೆ. ಇಬ್ಬರಲ್ಲಿ ಒಬ್ಬರು ಕೇಳಿಕೊಂಡರೂ ಕೌಟುಂಬಿಕ ನ್ಯಾಯಾಲಯ ವಿಚಾರಣೆಯನ್ನು ಗೋಪ್ಯವಾಗಿ ನಡೆಸಬೇಕಾಗುತ್ತದೆ. ವೈದ್ಯರ ಅಥವಾ ಮಕ್ಕಳ ಕ್ಷೇಮ ತಜ್ಞರ ನೆರವನ್ನು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಮಿನಡಿ ಪಡೆಯಬಹುದು. ಮಗು ತೀರಾ ಹೆದರಿದ್ದರೆ ನಿಮ್ಹಾನ್ಸ್‌ನಂತಹ ಸಂಸ್ಥೆಯ ಮಕ್ಕಳ ಮನೋವೈದ್ಯರಿಂದ ವರದಿ ತರಿಸುವಂತೆ ಅರ್ಜಿ ಹಾಕುವುದು ಒಳ್ಳೆಯದು.

"ಜಡ್ಜ್ ಕೇಳಿದರೆ ಹೀಗೆ ಹೇಳು" ಎಂದು ಹೇಳಿಕೊಡುವುದಾಗಲಿ, ಮಗುವಿನ ಬಾಯಲ್ಲಿ ಅಪ್ಪನ ಮೇಲಿನ ದೂರನ್ನು ಹೇಳಿಸಿ ಮೊಬೈಲಿನಲ್ಲಿ ಚಿತ್ರೀಕರಿಸುವುದಾಗಲಿ ಬೇಡವೇ ಬೇಡ. ಒಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸಿದ್ದಾರೆಂಬ ವಾದ ಇಂದು ಸುಪರ್ದಿಯ ಪ್ರಕರಣಗಳಲ್ಲಿ ಸಾಮಾನ್ಯವಾಗಿದ್ದು, ಹೇಳಿಕೊಟ್ಟ ಮಾತು ಆ ವಾದಕ್ಕೆ ಬಲ ತುಂಬುತ್ತದೆ. ಅದಕ್ಕಿಂತ ಮಿಗಿಲಾಗಿ, ಹೊಡೆತವನ್ನು ಕಂಡು ನಡುಗಿದ ಮಗುವಿನ ಹೆಗಲ ಮೇಲೆ ಮೊಕದ್ದಮೆಯನ್ನು ಗೆಲ್ಲಿಸುವ ಭಾರವನ್ನೂ ಹೊರಿಸಿದಂತಾಗುತ್ತದೆ. "ನಿನಗೆ ಅನಿಸಿದ್ದನ್ನು ಹೇಳು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ತೀರ್ಮಾನ ಮಾಡುವುದು ನಿನ್ನ ಕೆಲಸ ಅಲ್ಲ ಕಂದ" ಎಂದಷ್ಟು ಹೇಳಿ ಕಳುಹಿಸಿದರೆ ಸಾಕು.

ರಾಜಿ ಮತ್ತು ಭೇಟಿ

ರಾಜಿಗೆ ಪ್ರಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯವೆಂದು ಕಾಯ್ದೆಯೇ ಹೇಳಿರುವುದರಿಂದ, ಆಪ್ತಸಮಾಲೋಚನೆಗೆ ಅಥವಾ ಮಧ್ಯಸ್ಥಿಕೆಗೆ ಕಳುಹಿಸುವುದು ಸಹಜ. ಹಿಂಸೆಯ ವಿಷಯವನ್ನು ಮೊದಲೇ ತಿಳಿಸಿ, ಇಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸುವಂತೆ ಕೇಳಿಕೊಳ್ಳಬೇಕು. "ಮಕ್ಕಳ ಮುಖ ನೋಡಿ ಹೊಂದಿಕೊಳ್ಳಿ" ಎಂಬ ಮಾತು ಅಲ್ಲಿ ಬಂದರೆ, ಮಕ್ಕಳ ಮುಖ ನೋಡಿಯೇ ಇಲ್ಲಿಗೆ ಬಂದೆವು ಎಂದು ಹೇಳಲು ಅಳುಕಬೇಕಾಗಿಲ್ಲ.

ಮಗುವಿಗೆ ತಂದೆತಾಯಿ ಇಬ್ಬರ ಒಡನಾಟವೂ ಬೇಕೆಂಬುದು ನ್ಯಾಯಾಲಯಗಳ ಸಾಮಾನ್ಯ ನಿಲುವು. ಆದ್ದರಿಂದ ಭೇಟಿ ಪೂರ್ತಿ ಬೇಡವೆನ್ನುವುದಾದರೆ ಅದರಿಂದ ಆಗುವ ಹಾನಿಯನ್ನು ದಾಖಲೆಗಳಿಂದ ತೋರಿಸಬೇಕು. ಜೊತೆಗೆ ಪರ್ಯಾಯ ಕೋರಿಕೆಯೊಂದೂ ಅರ್ಜಿಯಲ್ಲಿರಬೇಕು. ಭೇಟಿ ನ್ಯಾಯಾಲಯದ ಆವರಣದಲ್ಲಿ ಮೂರನೆಯವರ ಸಮ್ಮುಖದಲ್ಲಿ ನಡೆಯಲಿ, ಸದ್ಯಕ್ಕೆ ವಿಡಿಯೊ ಕರೆ ಮಾತ್ರ ಇರಲಿ, ರಾತ್ರಿ ಉಳಿಸಿಕೊಳ್ಳುವುದು ಬೇಡ, ಮಗುವನ್ನು ಒಪ್ಪಿಸುವಾಗ ತಾಯಿ ಎದುರಾಗುವಂತಿರಬಾರದು ಎಂಬಂತಹ ಷರತ್ತುಗಳನ್ನು ಬಿಡಿಬಿಡಿಯಾಗಿ ಕೇಳಬೇಕು. ಭೇಟಿ ಮುಗಿಸಿ ಬಂದ ಮಗು ಹೇಗಿತ್ತೆಂಬುದನ್ನು ದಿನಾಂಕ ಸಹಿತ ಬರೆದಿಡಬೇಕು.

ಕೌಟುಂಬಿಕ ನ್ಯಾಯಾಲಯದ ಅಂತಿಮ ತೀರ್ಪಿನ ವಿರುದ್ಧ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಸುಪರ್ದಿಯ ಆದೇಶ ಎಂದೆಂದಿಗೂ ಬದಲಾಗದ್ದಲ್ಲ. ಪರಿಸ್ಥಿತಿ ಬದಲಾದರೆ, ಬರೆದಿಟ್ಟ ಆ ಟಿಪ್ಪಣಿಗಳೊಂದಿಗೆ ಅದೇ ನ್ಯಾಯಾಲಯಕ್ಕೆ ಹೊಸ ಅರ್ಜಿ ಹಾಕಿ ಮಾರ್ಪಾಡು ಕೇಳಬಹುದು.