ಬಂಗಲೆಯ ಟ್ರಂಕಿನಲ್ಲಿ ಸಿಕ್ಕ ಯುದ್ಧಕಾಲದ ಫೋಟೋವನ್ನು ಓದುವ ಬಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಹಳೆಯ ಕಾಫಿ ಬಂಗಲೆಗಳ ಅಟ್ಟದಲ್ಲಿ ಬ್ರಿಟಿಷ್ ದೊರೆಗಳು ಬಿಟ್ಟುಹೋದ ಟ್ರಂಕೊಂದನ್ನು ತೆರೆದಾಗ, ಇಂಗ್ಲೆಂಡಿನ ಹಳ್ಳಿಗಾಡಿನ ಯಾವುದೋ ಮಹಲಿನ ಮೆಟ್ಟಿಲುಗಳ ಮೇಲೆ ಸೈನಿಕರು ಸಾಲಾಗಿ ಕುಳಿತು, ನಡುವೆ ಒಂದು ನಾಯಿಯನ್ನೋ ಮೇಕೆಯನ್ನೋ ನಿಲ್ಲಿಸಿಕೊಂಡಿರುವ ಫೋಟೋ ಸಿಗಬಹುದು. ಅದನ್ನು ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಫೋಟೋದ ಮೇಲಿನ ಜೆಲಟಿನ್ ಪದರ ತೇವ ಹೀರಿ ಮೆತ್ತಗಾಗಿರುತ್ತದೆ. ಉಜ್ಜಿದರೆ ಬೂಷ್ಟಿನ ಜೊತೆಗೆ ಮುಖಗಳೂ ಎದ್ದುಬರುತ್ತವೆ. ಬಿಸಿಲು ಬಿದ್ದ ಒಣ ದಿನಕ್ಕಾಗಿ ಕಾದು, ನೆರಳಿನಲ್ಲಿಟ್ಟು, ಮೃದುವಾದ ಕುಂಚದಿಂದ ಧೂಳನ್ನು ಹಗುರಾಗಿ ತೆಗೆಯಿರಿ. ಆಮೇಲೆ ಎರಡೂ ಬದಿಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮುದ್ರೆ, ಪೆನ್ಸಿಲಿನ ಹೆಸರುಗಳು ಇರುವುದು ಹೆಚ್ಚಾಗಿ ಹಿಂಬದಿಯಲ್ಲೇ.

ಈಗ ಬಟ್ಟೆ ನೋಡಿ. ಸೈನಿಕರು ತೆಳುಬಣ್ಣದ ಸಡಿಲ ಸೂಟು, ಬಿಳಿ ಅಂಗಿ, ಕಪ್ಪಾಗಿ ಕಾಣುವ ಟೈ ಧರಿಸಿದ್ದರೆ ಅವರು ಬಹುಮಟ್ಟಿಗೆ ಮೊದಲ ಮಹಾಯುದ್ಧದ ಗಾಯಾಳುಗಳು. ಆಸ್ಪತ್ರೆಯ ಆ ಸೂಟು ನೀಲಿ, ಟೈ ಕೆಂಪು. ಆ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲವಾದ್ದರಿಂದ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಮೂಡುತ್ತಿದ್ದವು. ಬ್ರಿಟನ್ನಿನಲ್ಲಿ ಆಗ ಇಂಥ 3,000ಕ್ಕೂ ಹೆಚ್ಚು ಸಹಾಯಕ ಆಸ್ಪತ್ರೆಗಳಿದ್ದವು, ಅವುಗಳಲ್ಲಿ ಅನೇಕವು ಶ್ರೀಮಂತರ ಮಹಲುಗಳೇ. ಎಡ ತೋಳಿನ ಕೆಳಭಾಗದಲ್ಲಿ ನೆಟ್ಟಗಿನ ಕಿರುಪಟ್ಟಿ ಇದ್ದರೆ ಅದು ಗಾಯದ ಗುರುತು. 1916ರಲ್ಲಿ ಜಾರಿಗೆ ಬಂದ ಪದ್ಧತಿಯಾದ್ದರಿಂದ ಚಿತ್ರ ಅದಕ್ಕಿಂತ ಹಿಂದಿನದಾಗಿರಲಾರದು.

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದ್ದು ಪ್ರಾಣಿಯನ್ನು. ಮ್ಯಾಸ್ಕಾಟ್, ಅಂದರೆ ಸೇನಾಪಡೆಯೊಂದು ಲಾಂಛನದಂತೆ ಸಾಕಿಕೊಳ್ಳುವ ಪ್ರಾಣಿ, ಆ ಪಡೆಯ ಗುರುತೇ. ಮೇಕೆಯಿದ್ದರೆ ವೇಲ್ಸ್‌ನ ರೆಜಿಮೆಂಟುಗಳನ್ನೂ, ಎತ್ತರದ ಐರಿಷ್ ವುಲ್ಫ್‌ಹೌಂಡ್ ನಾಯಿಯಿದ್ದರೆ 1902ರಿಂದ ಅದನ್ನು ಸಾಕುತ್ತ ಬಂದಿರುವ ಐರಿಷ್ ಗಾರ್ಡ್ಸ್ ಪಡೆಯನ್ನೂ ಮೊದಲು ಪರಿಶೀಲಿಸಿ, ಟೋಪಿಯ ಬಿಲ್ಲೆಯೊಂದಿಗೆ ತಾಳೆ ನೋಡಿ. ಕೆಲವೊಮ್ಮೆ ಪ್ರಾಣಿಯಿಂದಲೇ ತಿಂಗಳು ತಿಳಿಯುತ್ತದೆ. ಕೆನಡಾದ ಪಶುವೈದ್ಯ ಅಧಿಕಾರಿ ಹ್ಯಾರಿ ಕೋಲ್‌ಬರ್ನ್ 1914ರ ಆಗಸ್ಟ್‌ನಲ್ಲಿ 20 ಡಾಲರಿಗೆ ಕೊಂಡ ಕರಡಿಮರಿ ವಿನ್ನಿಪೆಗ್, ಸಾಲಿಸ್‌ಬರಿ ಬಯಲಿನ ಶಿಬಿರದಲ್ಲಿ ಸೈನಿಕರ ಜೊತೆಗಿದ್ದುದು ಆ ವರ್ಷದ ಡಿಸೆಂಬರ್‌ವರೆಗೆ ಮಾತ್ರ. ಅನಂತರ ಅದು ಲಂಡನ್ ಮೃಗಾಲಯ ಸೇರಿತು. ಆದರೆ ಕೊರಳಪಟ್ಟಿಯಾಗಲಿ ಬಿಲ್ಲೆಯಾಗಲಿ ಇಲ್ಲದ ನಾಯಿ, ಮಹಲಿನ ಯಜಮಾನರ ಸಾಕುನಾಯಿಯೂ ಆಗಿರಬಹುದೆಂಬುದನ್ನು ಮರೆಯಬೇಡಿ.

ಊಹಿಸಿದ ಹೆಸರನ್ನು ಫೋಟೋದ ಮೇಲೆ ಎಂದೂ ಬರೆಯಬೇಡಿ. ಯಾವ ಎಸ್ಟೇಟಿನ ಯಾವ ಟ್ರಂಕಿನಲ್ಲಿ, ಯಾವ ಕಾಗದಗಳ ನಡುವೆ ಸಿಕ್ಕಿತೆಂಬುದನ್ನು ಬೇರೆ ಚೀಟಿಯಲ್ಲಿ ಬರೆದು, ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಫೋಟೋವನ್ನಿಟ್ಟು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಗೆ ಸೇರಿಸಿ, ಜೂನ್ ಮಳೆ ಹಿಡಿಯುವ ಮೊದಲು ಪೊಟ್ಟಣವನ್ನು ಬದಲಿಸಿ.